ವಿಕಿರಣ ಚಿಕಿತ್ಸೆಯನ್ನು ನಡುವೆ ಬಿಡಬಾರದೇಕೆ?

ಬಾಯಿಯ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಕುಣಿಗಲ್ ಸೀಮೆಯ ರೈತರೊಬ್ಬರು ಮೂರನೆಯ ವಾರದಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬಂದರು. “ಕರೆಂಟು ಕೊಟ್ಟು ಬಾಯೆಲ್ಲ ಹುಣ್ಣಾಗಿದೆ, ಇನ್ನು ಹೋಗಲಾರೆ. ನಿಮ್ಮ ಲೇಹ್ಯದಲ್ಲೇ ವಾಸಿ ಮಾಡಿ ಸ್ವಾಮಿ” ಎಂದರು. ನಾವು ಲೇಹ್ಯ ಕೊಡಲಿಲ್ಲ. ಮರುದಿನವೇ ಬೆಂಗಳೂರಿನ ಬಸ್ಸು ಹತ್ತಬೇಕೆಂದು ಹೇಳಿದೆವು. ಅದರ ಕಾರಣವನ್ನು ಓದುಗ ಬಂಧುಗಳೂ ಅರಿತಿರಬೇಕು.

ವಿಕಿರಣವು ಗಡ್ಡೆಯನ್ನು ಸುಡುತ್ತದೆಂಬುದು ಜನರ ಭಾವನೆ. ವಾಸ್ತವವಾಗಿ ಅದು ಜೀವಕೋಶದೊಳಗಿನ ಡಿಎನ್‌ಎಯನ್ನು ಕಡಿಯುತ್ತದೆ. ಡಿಎನ್‌ಎ ಎರಡೆಳೆಯ ಹಗ್ಗವಿದ್ದಂತೆ. ಒಂದೆಳೆ ಕಡಿದರೆ ಮತ್ತೊಂದನ್ನು ಮಾದರಿಯಾಗಿಟ್ಟುಕೊಂಡು ಕೋಶವು ಬೇಗನೆ ಹೊಸೆದುಕೊಳ್ಳುತ್ತದೆ. ಎರಡೂ ಎಳೆಗಳು ಒಂದೆಡೆ ಕಡಿದರೆ ದುರಸ್ತಿ ಕಠಿಣ. ಒಂದು ಗ್ರೇ ಪ್ರಮಾಣದ ವಿಕಿರಣವು ಪ್ರತಿ ಕೋಶದಲ್ಲಿ ಸುಮಾರು 1000 ಒಂಟಿ ಕಡಿತಗಳನ್ನೂ 20ರಿಂದ 40 ಜೋಡಿ ಕಡಿತಗಳನ್ನೂ ಉಂಟುಮಾಡುತ್ತದೆ. ಕೋಶವನ್ನು ಕೊಲ್ಲುವುದು ಮುಖ್ಯವಾಗಿ ಈ ಜೋಡಿ ಕಡಿತವೇ. ಡಿಎನ್‌ಎ ದುರಸ್ತಿಯ ಮಾರ್ಗಗಳನ್ನು ಶೋಧಿಸಿದ ಮೂವರು ವಿಜ್ಞಾನಿಗಳಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ದುರಸ್ತಿಯ ಶಕ್ತಿ ಎಲ್ಲ ಗಡ್ಡೆಗಳಲ್ಲೂ ಒಂದೇ ಸಮನಾಗಿಲ್ಲ. ಅದು ಕುಂದಿದ ಗಡ್ಡೆ ಬೇಗ ಕರಗುತ್ತದೆ. ಬಲವಾಗಿದ್ದುದು ವಿಕಿರಣಕ್ಕೆ ಸುಲಭವಾಗಿ ಮಣಿಯದು. ಆದುದರಿಂದಲೇ ಬಾಯಿ, ಗಂಟಲು ಹಾಗೂ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಅನೇಕರಿಗೆ ವಿಕಿರಣದೊಂದಿಗೆ ಸಿಸ್‌ಪ್ಲಾಟಿನ್ ಔಷಧವನ್ನೂ ಕೊಡುತ್ತಾರೆ. ಅದು ಡಿಎನ್‌ಎಗೆ ಅಂಟಿಕೊಂಡು ದುರಸ್ತಿಗೆ ಅಡ್ಡಿಯಾಗುತ್ತದೆ.

ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ ವಿಕಿರಣ ಕೊಡುವುದರ ಮರ್ಮವೂ ಇದೇ. ಎರಡು ಸರದಿಗಳ ನಡುವಣ ಗಂಟೆಗಳಲ್ಲಿ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳುತ್ತವೆ. ಗಡ್ಡೆಯ ಕೋಶಗಳಿಗೆ ಅಷ್ಟು ಸಾಮರ್ಥ್ಯವಿರುವುದಿಲ್ಲ. ನಡುವೆ ದಿನಗಳನ್ನು ತಪ್ಪಿಸಿದರೆ ಅಳಿದುಳಿದ ಗಡ್ಡೆಯ ಕೋಶಗಳು ಮರಳಿ ವೃದ್ಧಿಸುತ್ತವೆ, ಸಹಿಸಿದ ನೋವೆಲ್ಲ ವ್ಯರ್ಥವಾಗುತ್ತದೆ.

ಆಯುರ್ವೇದ ವೈದ್ಯರಾದ ನಾವೇ ಇನ್ನೊಂದು ಮಾತನ್ನು ಹೇಳಬೇಕು. ವಿಕಿರಣವು ಬಹುಪಾಲು ಕೆಲಸವನ್ನು ಕೋಶದ ನೀರಿನಲ್ಲಿ ಹುಟ್ಟುವ ಮುಕ್ತ ಕಣಗಳ ಮೂಲಕ ಮಾಡುತ್ತದೆ. ಅವನ್ನು ತಣಿಸುವ ರಸಾಯನ, ಚೂರ್ಣ, ಮಾತ್ರೆಗಳು ಗಡ್ಡೆಗೇ ರಕ್ಷಣೆಯಾಗಬಹುದು. ಚಿಕಿತ್ಸೆ ಮುಗಿಯುವವರೆಗೆ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಇವನ್ನು ಸೇವಿಸಬಾರದು. ತಂಬಾಕನ್ನಂತೂ ಮುಟ್ಟಲೇಬಾರದು. ಬಾಯಿಹುಣ್ಣಿಗೆ ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಮುಕ್ಕಳಿಸುವುದು, ಖಾರವಿಲ್ಲದ ತಣ್ಣನೆಯ ರಾಗಿ ಅಂಬಲಿ, ಮಜ್ಜಿಗೆ ಅನ್ನ ಹಿತಕರ. ನೋವು ತಾಳಲಾರದಾದರೆ ಅದಕ್ಕೂ ಅಲ್ಲಿಯೇ ಔಷಧಿಯುಂಟು; ಕೇಳಲು ಸಂಕೋಚ ಬೇಡ.

ಆ ರೈತರು ಉಳಿದ ದಿನಗಳನ್ನು ಪೂರೈಸಿ ಬಂದರು. ಅವರ ವೈದ್ಯರು ಒಪ್ಪಿದ ಮೇಲೆಯೇ ನಾವು ಲೇಹ್ಯ ಕೊಟ್ಟೆವು.