ಹಿಡಿ, ಎಳೆ, ಬಿಡು

ಗಣಕದ ಪರದೆಯ ಮೇಲಿನ ಚದುರಂಗದ ಕುದುರೆಯನ್ನು ಮೌಸಿನ ಬಾಣದಿಂದ ಹಿಡಿದೆಳೆದು ಬೇರೊಂದು ಮನೆಯಲ್ಲಿ ಬಿಡುತ್ತೇವೆ. ವಾಸ್ತವವಾಗಿ ಅಲ್ಲಿ ಯಾವ ವಸ್ತುವೂ ಚಲಿಸಿರುವುದಿಲ್ಲ. ಸಾಮಾನ್ಯ ಪರದೆಯ ಮೇಲೆ ಚಿತ್ರವು ಸೆಕೆಂಡಿಗೆ 60 ಬಾರಿ ಹೊಸದಾಗಿ ಮೂಡುತ್ತದೆ; ಪ್ರತಿ ಬಾರಿಯೂ ಕುದುರೆಯ ಸ್ಥಾನ ಕೊಂಚ ಬದಲಾಗಿರುತ್ತದೆ, ಅಷ್ಟೆ. ಚಲನಚಿತ್ರದ ತತ್ತ್ವವೇ ಇದು.

ಆ ಸ್ಥಾನವನ್ನು ಗಣಿಸುವ ಹೊಣೆ ಜಾವಾಸ್ಕ್ರಿಪ್ಟ್ ಕ್ರಮವಿಧಿಯದು. ಗುಂಡಿ ಒತ್ತಿದುದು, ಬಾಣ ಸರಿದುದು, ಗುಂಡಿ ಬಿಟ್ಟುದು, ಈ ಮೂರು ಘಟನೆಗಳನ್ನೂ ಬಾಣದ ನಿರ್ದೇಶಾಂಕಗಳನ್ನೂ ಬ್ರೌಸರು ಅದಕ್ಕೆ ತಿಳಿಸುತ್ತದೆ. ಒತ್ತಿದ ಬಿಂದುವು ಕುದುರೆಯ ಎಡ ಅಂಚಿನಿಂದ 20, ಮೇಲಂಚಿನಿಂದ 30 ಪಿಕ್ಸೆಲ್ ದೂರದಲ್ಲಿದೆಯೆನ್ನಿ. (ಪರದೆಯಲ್ಲಿ ವೈ-ಅಕ್ಷ ಕೆಳಮುಖವಾದುದು, ಗ್ರಾಫ್ ಹಾಳೆಯ ಅಭ್ಯಾಸ ಇಲ್ಲಿ ಸಲ್ಲದು.) ಬಾಣ ಎಲ್ಲಿಗೆ ಹೋದರೂ ಅದರ ನಿರ್ದೇಶಾಂಕಗಳಿಂದ ಇವನ್ನು ಕಳೆದೇ ಕುದುರೆಯನ್ನಿರಿಸಬೇಕು. ಇಲ್ಲವಾದರೆ ಎಳೆಯತೊಡಗಿದೊಡನೆಯೇ ಕುದುರೆ ನೆಗೆದು, ಅದರ ಮೂಲೆ ಬಾಣದ ತುದಿಗೆ ಅಂಟಿಕೊಳ್ಳುವುದು! ವೇಗವಾಗಿ ಎಳೆದಾಗ ಬಾಣವು ಕುದುರೆಯನ್ನು ದಾಟಿ ಹೊರಬೀಳುವುದೂ ಉಂಟು. ಆದ್ದರಿಂದ ಬಾಣ ಸರಿದ ಸುದ್ದಿಯನ್ನು ಕುದುರೆಯೊಂದರಿಂದಲ್ಲ, ಇಡೀ ಪುಟದಿಂದ ಪಡೆಯಬೇಕು.

ಕೈ ನಡುಗುವವರಿಗೆ ಈ ಒತ್ತಿಹಿಡಿದೆಳೆಯುವ ಕ್ರಿಯೆಯೇ ಕಷ್ಟ. 2023ರಲ್ಲಿ ಪ್ರಕಟವಾದ ಡಬ್ಲ್ಯೂಸಿಎಜಿ 2.2 ಎಂಬ ಜಾಲಪುಟ ಸೂತ್ರಗಳು ಎಳೆಯದೆಯೂ ಕೆಲಸ ಸಾಗುವ ದಾರಿಯೊಂದನ್ನು ಕೇಳುತ್ತವೆ: ಕುದುರೆಯನ್ನೊಮ್ಮೆ, ಸೇರಬೇಕಾದ ಮನೆಯನ್ನೊಮ್ಮೆ ಒತ್ತಿದರೆ ಸಾಕು.