ಹರಾಜಿನ ಚೀಲದಲ್ಲಿ ಬರುವ ಮೀನು: ಅಲಂಕಾರಿಕ ಮೀನಿನ ವ್ಯಾಪಾರಿಗಳು ಅರಿಯಬೇಕಾದ ಲೆಕ್ಕ

ನಮ್ಮ ಭಾಗದ ವ್ಯಾಪಾರಸ್ಥರಿಗೆ ಹರಾಜು ಹೊಸತಲ್ಲ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೆಣಸಿನಕಾಯಿ, ಮೂಡಲಗಿಗೆ ನೆರೆಯ ಮಹಾಲಿಂಗಪುರದ ಬೆಲ್ಲ, ಗ್ರಾಮ ಪಂಚಾಯಿತಿಗಳ ಕೆರೆಗಳ ಮೀನು ಪಾಶುವಾರು ಹಕ್ಕು - ಇವೆಲ್ಲವೂ ಸವಾಲು ಕೂಗಿಯೇ ಕೈ ಬದಲಾಯಿಸಿದ ವಸ್ತುಗಳು. ಬೆಲ್ಲವನ್ನು ಒಡೆದು ಬಣ್ಣ ನೋಡಬಹುದು, ಮೆಣಸಿನಕಾಯಿಯನ್ನು ಮುರಿದು ಘಾಟು ನೋಡಬಹುದು. ಇಂದು ಕೊಂಡ ಮಾಲು ನಾಳೆ ಬೆಳಿಗ್ಗೆಯೂ ಅದೇ ತೂಕ, ಅದೇ ಗುಣದಲ್ಲಿರುತ್ತದೆಂಬ ಭರವಸೆಯೂ ಇರುತ್ತದೆ. ಆದರೆ ಅಕ್ವೇರಿಯಂ ಸಂಘಗಳು ನಡೆಸುವ ಅಲಂಕಾರಿಕ ಮೀನುಗಳ ಹರಾಜಿನಲ್ಲಿ ಈ ಭರವಸೆಗೆ ಆಸ್ಪದವಿಲ್ಲ. ಅಲ್ಲಿ ಮಾಲು ಜೀವಂತವಾದದ್ದು. ಸುತ್ತಿಗೆ ಬಿದ್ದ ಕ್ಷಣದ ದರ ಅದರ ನಿಜವಾದ ದರವಲ್ಲ. ಹದಿನೈದು ಇಪ್ಪತ್ತು ದಿನಗಳ ತರುವಾಯ ತೊಟ್ಟಿಯಲ್ಲಿ ಎಷ್ಟು ಮೀನು ಈಜುತ್ತಿವೆ ಎಂಬುದರ ಮೇಲೆ ಆ ದರ ನಿರ್ಧಾರವಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಊರುಗಳಲ್ಲಿ ಅಕ್ವೇರಿಯಂ ಅಂಗಡಿ ನಡೆಸುವವರಿಗೆ ಮೀನು ಬರುವ ದಾರಿ ಬಲು ಉದ್ದವಾದದ್ದು. ದೇಶದಲ್ಲಿ ಅಲಂಕಾರಿಕ ಮೀನಿನ ಸಾಕಣೆ ಹೆಚ್ಚಾಗಿ ನೆಲೆಯೂರಿರುವುದು ಪಶ್ಚಿಮ ಬಂಗಾಳ ಮತ್ತು ತಮಿಳುನಾಡುಗಳಲ್ಲಿ. ಕೋಲ್ಕತ್ತಾದ ಗ್ಯಾಲಿಫ್ ಸ್ಟ್ರೀಟಿನ ಭಾನುವಾರದ ಸಂತೆ ಮತ್ತು ಚೆನ್ನೈನ ಕೊಳತ್ತೂರಿನ ಸಗಟು ಮಳಿಗೆಗಳು ಈ ವ್ಯಾಪಾರದಲ್ಲಿ ಹೆಸರಾದವು. ಅಲ್ಲಿಂದ ಹೊರಟ ಮೀನು ಎರಡು ಮೂರು ಕೈ ದಾಟಿ, ಎರಡು ಮೂರು ಬಗೆಯ ನೀರು ಕುಡಿದು ನಮ್ಮಲ್ಲಿಗೆ ಬರುವ ವೇಳೆಗೆ ಅರ್ಧ ಜೀವವಾಗಿರುತ್ತದೆ. ಆ ಮೀನನ್ನು ಸಾಕಿದವರು ಯಾರು, ಏನು ತಿನ್ನಿಸಿದರು ಎಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಸಂಘದ ಹರಾಜಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅಲ್ಲಿ ಮೀನು ಸಾಕಿದಾತ ಅದೇ ಸಭಾಂಗಣದಲ್ಲಿ ಕುಳಿತಿರುತ್ತಾನೆ.

ಹರಾಜು ನಡೆಯುವ ಬಗೆ

ಈ ಪದ್ಧತಿ ಬೆಳೆದದ್ದು ಮುಖ್ಯವಾಗಿ ಅಮೆರಿಕ ಮತ್ತು ಬ್ರಿಟನ್ನಿನ ಹವ್ಯಾಸಿಗಳ ನಡುವೆ. ನ್ಯೂಯಾರ್ಕಿನ ಬ್ರೂಕ್ಲಿನ್ ಅಕ್ವೇರಿಯಂ ಸೊಸೈಟಿ 1911ರಲ್ಲಿ, ಅದೇ ನಗರದ ಗ್ರೇಟರ್ ಸಿಟಿ ಅಕ್ವೇರಿಯಂ ಸೊಸೈಟಿ 1922ರಲ್ಲಿ ಸ್ಥಾಪನೆಯಾದವು. ಇಂತಹ ಸಂಘಗಳಲ್ಲಿ ಮಾಸಿಕ ಸಭೆಯ ಕೊನೆಗೆ ಸಣ್ಣ ಹರಾಜು, ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ ದಿನವಿಡೀ ನಡೆಯುವ ದೊಡ್ಡ ಹರಾಜು ಇರುವುದು ವಾಡಿಕೆ. ಅನೇಕ ಸಂಘಗಳು ಮೀನು ಮರಿ ಮಾಡಿಸಿದ ಸದಸ್ಯರಿಗೆ ಅಂಕಗಳನ್ನು ನೀಡುತ್ತವೆ. ಅಂಕ ಬೇಕಾದರೆ ಮರಿಗಳನ್ನು ಸಂಘದ ಹರಾಜಿಗೆ ತರಬೇಕೆಂಬ ನಿಯಮವೂ ಕೆಲವೆಡೆ ಇದೆ. ಹೀಗಾಗಿ ಸಾಮಾನ್ಯ ಅಂಗಡಿಯಲ್ಲಿ ಕಾಣದ ತಳಿಗಳು ಅಲ್ಲಿ ಕಾಣಸಿಗುತ್ತವೆ.

ಮಾರುವವನು ಬೆಳಿಗ್ಗೆ ಬಂದು ಹೆಸರು ನೋಂದಾಯಿಸುತ್ತಾನೆ. ಒಂದು ಚೀಲಕ್ಕೆ ಒಂದೇ ಜಾತಿಯ ಮೀನು. ಚೀಲದ ಮೇಲೆ ಮೀನಿನ ಹೆಸರು, ಸಂಖ್ಯೆ, ಗಂಡು-ಹೆಣ್ಣಿನ ವಿವರ ಹಾಗೂ ಮಾರುವವನ ಗುರುತು ಬರೆದಿರಬೇಕು. ಕೊಳ್ಳುವವನಿಗೆ ಒಂದು ಸಂಖ್ಯೆಯ ಚೀಟಿ ಕೊಡುತ್ತಾರೆ. ಮೇಜುಗಳ ಮೇಲೆ ಸಾಲಾಗಿ ಇಟ್ಟ ಚೀಲಗಳನ್ನು ಹರಾಜಿಗೆ ಮುನ್ನ ಎಲ್ಲರೂ ನೋಡಬಹುದು. ಬಳಿಕ ಒಬ್ಬಾತ ಕೂಗುತ್ತಾ ಹೋದಂತೆ ಸ್ವಯಂಸೇವಕರು ಚೀಲವನ್ನು ಎತ್ತಿ ಸಾಲುಗಳ ನಡುವೆ ಓಡಾಡಿ ತೋರಿಸುತ್ತಾರೆ. ಬಂದ ಹಣದಲ್ಲಿ ಒಂದು ಪಾಲು ಸಂಘಕ್ಕೆ, ಉಳಿದದ್ದು ಮಾರಿದವನಿಗೆ. ಈ ಪಾಲಿನ ಪ್ರಮಾಣ ಸಂಘದಿಂದ ಸಂಘಕ್ಕೆ ಬೇರೆ. ಅಡತಿ ಅಂಗಡಿಯ ಲೆಕ್ಕ ಬಲ್ಲವರಿಗೆ ಇದರಲ್ಲಿ ತಿಳಿಯದ ಸಂಗತಿ ಏನೂ ಇಲ್ಲ.

ಆದರೆ ದರದ ಏರಿಳಿತದಲ್ಲಿ ಒಂದು ಸೂಕ್ಷ್ಮವಿದೆ. ಬೆಳಗಿನ ಹೊತ್ತು ಸಭಾಂಗಣ ತುಂಬಿರುತ್ತದೆ, ಜೇಬಿನಲ್ಲಿ ಹಣವೂ ಇರುತ್ತದೆ. ಆಗ ಕೂಗು ಬೇಗ ಏರುತ್ತದೆ. ಸಂಜೆಯ ವೇಳೆಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಉಳಿದವರ ತೊಟ್ಟಿಗಳು ಆಗಲೇ ಮನಸ್ಸಿನಲ್ಲಿಯೇ ತುಂಬಿರುತ್ತವೆ. ಒಬ್ಬನೇ ಸಾಕಿದ ಗಪ್ಪಿ ಮೀನಿನ ಆರು ಚೀಲಗಳು ಮೇಜಿನ ಮೇಲಿದ್ದರೆ ಮೊದಲ ಚೀಲಕ್ಕೆ ಕೂಗುವವನು ಅನುಭವವಿಲ್ಲದವನೆಂದೇ ತಿಳಿಯಬೇಕು. ಐದನೆಯದು, ಆರನೆಯದು ಹೆಚ್ಚಾಗಿ ಅಗ್ಗಕ್ಕೆ ಹೋಗುತ್ತವೆ. ಒಂದೇ ಚೀಲವಿರುವ ಅಪರೂಪದ ಮೀನಿಗೆ ಮಾತ್ರ ಈ ಕಾಯುವ ಉಪಾಯ ಸಲ್ಲದು. ಅದು ಯಾವಾಗ ಬರುತ್ತದೋ ಆಗಲೇ ಕೂಗಬೇಕು, ತಾನು ಮೊದಲೇ ಬರೆದುಕೊಂಡ ಮಿತಿಯನ್ನು ದಾಟದೆ. ಮಿತಿಯನ್ನು ಮನೆಯಲ್ಲಿಯೇ ಚೀಟಿಯ ಮೇಲೆ ಬರೆದುಕೊಂಡು ಹೋಗುವುದು ಲೇಸು.

ಚೀಲದಲ್ಲಿ ಏನನ್ನು ನೋಡಬೇಕು

ಗೋಕಾಕದ ಮರದ ಹಣ್ಣುಗಳನ್ನು ನೋಡಿ ನಿಜವಾದ ಹಣ್ಣೆಂದು ಕೈಚಾಚಿದವರು ಉಂಟು. ಬಣ್ಣಕ್ಕೆ ಮರುಳಾಗುವುದು ಅಲ್ಲಿ ತಮಾಷೆ, ಇಲ್ಲಿ ನಷ್ಟ. ಚೀಲದಲ್ಲಿನ ಮೀನು ಅಂಜಿಕೆಯಿಂದ ಬಣ್ಣ ಕಳೆದುಕೊಂಡಿರುವುದು ಸಹಜ. ಆದ್ದರಿಂದ ಬಣ್ಣಕ್ಕಿಂತ ಮುಖ್ಯವಾಗಿ ಮೈಕಟ್ಟು ನೋಡಬೇಕು. ಬೆನ್ನು ಬಾಗಿದ್ದರೆ, ಹೊಟ್ಟೆ ಒಳಸೇರಿದ್ದರೆ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿದ್ದರೆ, ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ ಆ ಚೀಲವನ್ನು ಬಿಡುವುದು ಒಳಿತು. ರೆಕ್ಕೆಯ ಮೇಲೆ ಉಪ್ಪಿನ ಹರಳಿನಂತಹ ಚುಕ್ಕೆಗಳು ಬಿಳಿಚುಕ್ಕೆ ರೋಗದ ಗುರುತು. ಗಪ್ಪಿ, ಮೋಲಿಗಳ ಗುದದ್ವಾರದಿಂದ ಕೆಂಪು ದಾರದಂತೆ ಏನಾದರೂ ಹೊರಬಂದಿದ್ದರೆ ಅದು ಹುಳುವಿನ ಬಾಧೆ, ತೊಟ್ಟಿಗೆ ತೊಟ್ಟಿಯೇ ಹಾಳಾಗುತ್ತದೆ. ಚೀಲದ ನೀರು ಕಲಕಿ ಹೊಲಸಾಗಿದ್ದರೆ ಮಾರುವವನು ಮೀನನ್ನು ಒಂದು ದಿನವೂ ಉಪವಾಸ ಇಡದೆ ತುಂಬಿದ್ದಾನೆ ಎಂದು ಅರ್ಥ. ಸಾಕುವುದರಲ್ಲಿಯೂ ಆತ ಅಷ್ಟೇ ಅಸಡ್ಡೆಯವನಿರಬಹುದು.

'ಜೋಡಿ' ಎಂದು ಬರೆದ ಚೀಲದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಸಂತಾನ ಕೊಟ್ಟು ಮುಗಿಸಿದ ಮುದಿ ಜೋಡಿಯನ್ನು ಹರಾಜಿಗೆ ತರುವ ಹವ್ಯಾಸಿಗಳು ಎಲ್ಲೆಡೆ ಇದ್ದಾರೆ. ದೊಡ್ಡ ಮೀನು ಕಂಡು ಕೊಳ್ಳುವವನು ಹಿಗ್ಗುತ್ತಾನೆ, ಆರು ತಿಂಗಳು ಕಳೆದರೂ ಮರಿ ಕಾಣುವುದಿಲ್ಲ. ಮರಿ ಮಾಡಿಸುವ ಉದ್ದೇಶವಿದ್ದರೆ ಆರೆಂಟು ಎಳೆಯ ಮೀನುಗಳನ್ನು ಕೊಂಡು ಬೆಳೆಸಿಕೊಳ್ಳುವುದೇ ಸುರಕ್ಷಿತ. ಮಲಾವಿ ಸರೋವರದ ಆಫ್ರಿಕನ್ ಸಿಚ್ಲಿಡ್‌ಗಳಲ್ಲಿ ಬೇರೆ ಬೇರೆ ಜಾತಿಯ ಹೆಣ್ಣುಗಳು ಒಂದೇ ತೆರನಾಗಿ ಕಾಣುತ್ತವೆ, ಒಂದೇ ತೊಟ್ಟಿಯಲ್ಲಿದ್ದರೆ ಬೆರಕೆಯೂ ಆಗುತ್ತವೆ. ಆದ್ದರಿಂದ ಸಾಕಿದವನನ್ನು ಕಂಡು ಈ ಮರಿಗಳ ತಾಯಿ ಯಾವ ತೊಟ್ಟಿಯಲ್ಲಿತ್ತು, ಅಲ್ಲಿ ಮತ್ತೇನು ಇತ್ತು ಎಂದು ಕೇಳಬೇಕು. ಇದನ್ನು ಕೇಳಲು ಸಂಕೋಚಪಡುವವರಿಗೆ ಹರಾಜಿನಿಂದ ದೊರೆಯುವ ಲಾಭದ ಮುಖ್ಯ ಭಾಗವೇ ತಪ್ಪಿಹೋಗುತ್ತದೆ.

ನಮ್ಮ ನೀರಿಗೆ ತಕ್ಕ ಮೀನು

ಕೇಳಬೇಕಾದ ಇನ್ನೊಂದು ಪ್ರಶ್ನೆ ನೀರಿನದು. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ ಹರಿದು ಬರುವ ನದಿ. ಹಿಡಕಲ್ ಜಲಾಶಯದ ನೀರು ನಮ್ಮ ಕೊಳವೆಬಾವಿಗಳ ನೀರಿಗಿಂತ ಮೃದುವಾದದ್ದು. ಆದರೆ ನೀರಾವರಿಯ ಕಪ್ಪು ಮಣ್ಣಿನ ಸೀಮೆಯಲ್ಲಿ ಕೊಳವೆಬಾವಿ ತೋಡಿದವರಿಗೆ ಗಡಸು ನೀರಿನ ಅನುಭವ ಚೆನ್ನಾಗಿ ಉಂಟು; ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಅದಕ್ಕೆ ಸಾಕ್ಷಿ. ಟೆಟ್ರಾ, ಡಿಸ್ಕಸ್ ಮೊದಲಾದ ದಕ್ಷಿಣ ಅಮೆರಿಕದ ಮೃದುನೀರಿನ ಮೀನುಗಳನ್ನು ಅಗ್ಗವೆಂದು ತಂದು ಈ ನೀರಿಗೆ ಬಿಟ್ಟರೆ ನಷ್ಟ ಖಚಿತ. ಅದೇ ಗಡಸು ನೀರು ಗಪ್ಪಿ, ಮೋಲಿ, ಪ್ಲಾಟಿ ಮತ್ತು ಮಲಾವಿಯ ಸಿಚ್ಲಿಡ್‌ಗಳಿಗೆ ಒಗ್ಗುವಂತಹುದು. ಬೇರೆಯವರು ಔಷಧ ಸುರಿದು ಮಾಡಿಕೊಳ್ಳುವ ನೀರು ಕೆಲವರಿಗೆ ನಲ್ಲಿಯಲ್ಲಿಯೇ ಬರುತ್ತದೆ. ಈ ಅನುಕೂಲವನ್ನು ಬಂಡವಾಳವೆಂದು ಎಣಿಸಿದವರು ನಮ್ಮಲ್ಲಿ ವಿರಳ. ಹರಾಜಿಗೆ ಹೊರಡುವ ಮುನ್ನ ತಮ್ಮ ನೀರಿನ ಗಡಸುತನವನ್ನೂ ಕ್ಷಾರತೆಯನ್ನೂ ಪರೀಕ್ಷಿಸಿಕೊಂಡು, ಆ ಅಂಕಿಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ನಗರಸಭೆ ಅಥವಾ ಪುರಸಭೆಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ಗಾಳಿಯಾಡಿಸಿಯೇ ಬಳಸಬೇಕು.

ಮನೆಗೆ ತಂದ ಚೀಲವನ್ನು ಬಿಚ್ಚುವ ಬಗೆಯಲ್ಲಿಯೂ ಅನೇಕರು ತಪ್ಪುತ್ತಾರೆ. ದೀರ್ಘ ಪ್ರಯಾಣದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡಿನಿಂದ ಚೀಲದ ನೀರು ಆಮ್ಲೀಯವಾಗುತ್ತದೆ. ಮೀನಿನ ವಿಸರ್ಜನೆಯಿಂದ ಸೇರಿದ ಅಮೋನಿಯಾ ಆ ಆಮ್ಲೀಯತೆಯಲ್ಲಿ ಬಹುಮಟ್ಟಿಗೆ ನಿರುಪದ್ರವಿ ರೂಪದಲ್ಲಿರುತ್ತದೆ. ಚೀಲ ಬಿಚ್ಚಿ ಗಾಳಿ ತಾಗಿದೊಡನೆ ಆಮ್ಲೀಯತೆ ಇಳಿಯುತ್ತದೆ, ಅಮೋನಿಯಾ ವಿಷವಾಗುತ್ತದೆ. ಆದುದರಿಂದ ಬಿಚ್ಚಿದ ಚೀಲಕ್ಕೆ ಗಂಟೆಗಟ್ಟಲೆ ತೊಟ್ಟಿಯ ನೀರು ಬೆರೆಸುತ್ತಾ ಕುಳ್ಳಿರುವುದು ದೂರದಿಂದ ಬಂದ ಮೀನಿಗೆ ಉಪಕಾರವಲ್ಲ. ಕಟ್ಟಿದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮನಾದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬೇಗನೆ ಬಿಡಬೇಕು. ಚೀಲದ ನೀರು ಮೋರಿಗೆ ಹೋಗಬೇಕೇ ಹೊರತು ತೊಟ್ಟಿಗಲ್ಲ. ಸಾಕಿದವನ ನೀರಿನ ಅಂಕಿಗಳನ್ನು ಕೇಳಿ ಪ್ರತ್ಯೇಕ ತೊಟ್ಟಿಯ ನೀರನ್ನು ಅದಕ್ಕೆ ಹತ್ತಿರವಾಗಿ ಮೊದಲೇ ಸಿದ್ಧಪಡಿಸಿಡುವುದು ಉಳಿದೆಲ್ಲ ಉಪಾಯಗಳಿಗಿಂತ ಮೇಲು.

ಪ್ರತ್ಯೇಕ ತೊಟ್ಟಿ ಎಂದೆ. ಹರಾಜಿನ ಮೀನು ಹತ್ತು ಮನೆಗಳಿಂದ ಬಂದದ್ದು. ಅದನ್ನು ನೇರವಾಗಿ ಮಾರಾಟದ ತೊಟ್ಟಿಗೆ ಬಿಡುವುದೆಂದರೆ ಹತ್ತು ಮನೆಗಳ ರೋಗವನ್ನು ಅಂಗಡಿಗೆ ಕರೆದಂತೆ. ಬಿಳಿಚುಕ್ಕೆ ರೋಗಾಣುವಿನ ಜೀವನಚಕ್ರ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ಒಂದು ವಾರದೊಳಗೆ ಮುಗಿದರೆ, ತಣ್ಣನೆಯ ನೀರಿನಲ್ಲಿ ಹಲವು ವಾರಗಳವರೆಗೆ ಎಳೆಯುತ್ತದೆ. ನಮ್ಮ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಎರಡು ವಾರ ಬೇರೆಯಾಗಿಟ್ಟೆನೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಾಲ್ಕು ವಾರವಾದರೂ ಬೇಕು.

ಇದರ ಲೆಕ್ಕವನ್ನು ಉದಾಹರಣೆಯಾಗಿ ನೋಡಬಹುದು. 30 ಮೀನನ್ನು 900 ರೂಪಾಯಿಗೆ ಕೂಗಿ ತಂದಿರೆಂದು ಇಟ್ಟುಕೊಳ್ಳೋಣ. ಒಂದಕ್ಕೆ 30 ರೂಪಾಯಿ. ಥರ್ಮೋಕೋಲ್ ಪೆಟ್ಟಿಗೆ ಮತ್ತು ಪ್ರಯಾಣದ ಪಾಲು 300, ಪ್ರತ್ಯೇಕ ತೊಟ್ಟಿಯ ವಿದ್ಯುತ್ತು, ಆಹಾರ, ಔಷಧ 150 ಸೇರಿ ಒಟ್ಟು 1350 ರೂಪಾಯಿ. 27 ಮೀನು ಉಳಿದರೆ ಒಂದರ ಅಸಲು 50 ರೂಪಾಯಿ; 80ರಂತೆ ಮಾರಿದರೆ 810 ರೂಪಾಯಿ ಲಾಭ. 15 ಮಾತ್ರ ಉಳಿದರೆ ಅಸಲು 90 ರೂಪಾಯಿಗೆ ಏರಿ, ಅದೇ ದರಕ್ಕೆ ಮಾರಿದಾಗ 150 ರೂಪಾಯಿ ನಷ್ಟ. ಕೂಗಿನಲ್ಲಿ ಐದು ರೂಪಾಯಿ ಉಳಿಸಲು ಸೆಣಸಿ, ಪ್ರತ್ಯೇಕ ತೊಟ್ಟಿಯ 150 ರೂಪಾಯಿಗೆ ಹಿಂಜರಿಯುವ ವ್ಯಾಪಾರಿಯ ಜಾಣತನ ಎಂತಹುದೆಂದು ಓದುಗರೇ ನಿರ್ಣಯಿಸಲಿ.

ಕಾನೂನಿನ ಕಡೆಗೂ ಒಂದು ನೋಟ ಅವಶ್ಯ. ಏಷ್ಯನ್ ಅರವಾನಾ ಮೀನು ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಅನುಬಂಧದಲ್ಲಿದೆ. ಕಾಗದಪತ್ರಗಳಿಲ್ಲದೆ ಅದನ್ನು ಕೊಳ್ಳಲೇಬಾರದು. ಹಾಗೆಯೇ ಮಾರಾಟವಾಗದೆ ಬೆಳೆದುಬಿಟ್ಟ ಮೀನನ್ನು ಕಾಲುವೆಗೋ ನದಿಗೋ ಬಿಡುವ ಅಭ್ಯಾಸ ನಿಲ್ಲಬೇಕು. ತೊಟ್ಟಿಯ ಗಾಜು ಶುಚಿಮಾಡಲೆಂದು ಮಾರುವ ಸಕ್ಕರ್ ಮೀನು ಹೀಗೆಯೇ ದೇಶದ ಅನೇಕ ನದಿ-ಕೆರೆಗಳನ್ನು ಸೇರಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ.

ಮೂರು ಊರುಗಳಿಗೆ ಒಂದು ಮೇಜು

ಇಂತಹ ಹರಾಜೊಂದನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ಅಂಗಡಿಕಾರರೂ ಹವ್ಯಾಸಿಗಳೂ ಸೇರಿ ಆರಂಭಿಸಬಾರದೇಕೆ? 1969ರಲ್ಲಿ ವಿದ್ಯುತ್ ಹಂಚಿಕೆಯನ್ನೇ ಸಹಕಾರಿ ಸಂಘದ ಮೂಲಕ ಕೈಗೆತ್ತಿಕೊಂಡ ತಾಲೂಕು ಹುಕ್ಕೇರಿ. ಅಂತಹಲ್ಲಿ ಒಂದು ಮೀನು ಸಂಘ ಕಟ್ಟುವುದು ಅಸಾಧ್ಯದ ಮಾತಲ್ಲ. ಮನೆಯ ಹಿತ್ತಲಲ್ಲಿ ಗಪ್ಪಿ, ಮೋಲಿ ಸಾಕುವವರಿಗೆ ಮಾರುಕಟ್ಟೆ ಸಿಗುತ್ತದೆ, ಅಂಗಡಿಕಾರನಿಗೆ ಇದೇ ನೀರಿನಲ್ಲಿ ಹುಟ್ಟಿ ಬೆಳೆದ ಮೀನು ಸಿಗುತ್ತದೆ. ಗಾಜು ಕತ್ತರಿಸುವವರು, ಕಬ್ಬಿಣದ ಸ್ಟ್ಯಾಂಡ್ ಬೆಸೆಯುವವರಿಗೂ ಅದೇ ಸಭಾಂಗಣದಲ್ಲಿ ಗಿರಾಕಿಗಳು ದೊರೆಯುತ್ತಾರೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟ ಜಾತಿ-ಪಂಗಡದವರಿಗೆ ಹಾಗೂ ಮಹಿಳೆಯರಿಗೆ ಶೇ. 60 ಸಹಾಯಧನ ಇರಿಸಲಾಗಿತ್ತು. ಈಗಿನ ನಿಯಮಗಳನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಹಣ ತೊಡಗಿಸುವುದು ಕ್ಷೇಮ.

ಮೊದಲ ಹರಾಜಿಗೆ ಚಳಿಗಾಲವನ್ನು ಬಿಟ್ಟು ಫೆಬ್ರವರಿಯ ಕೊನೆಯ ಭಾನುವಾರವನ್ನು ಆರಿಸಿಕೊಳ್ಳಬಹುದು. ಐವತ್ತು ಚೀಲ ಮೀರದಿರಲಿ, ಮಧ್ಯಾಹ್ನದ ಬಿಸಿಲೇರುವ ಮುನ್ನ ಮುಗಿಯಲಿ. ಚೀಲದ ಚೀಟಿಯ ಮೇಲೆ ಮೀನಿನ ಹೆಸರಿನ ಕೆಳಗೆ 'ಕೊಳವೆಬಾವಿ' ಅಥವಾ 'ನದಿ' ಎಂದು ನೀರಿನ ಮೂಲವನ್ನು ಬರೆಯುವುದನ್ನು ಮಾತ್ರ ಕಡ್ಡಾಯಗೊಳಿಸಬೇಕು.