ಒಂದೇ ಗಂಟಿನಲ್ಲಿ ಎರಡು ಜಾತಿಯ ಅರ್ಬುದ

ಮಲದೊಡನೆ ರಕ್ತ ಕಂಡರೆ ನಮ್ಮ ಜನ ‘ಮೂಲವ್ಯಾಧಿ’ ಎಂದು ಸುಮ್ಮನಾಗುವುದುಂಟು. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಅದೇ ರಕ್ತ ಗುದನಾಳದ ಅರ್ಬುದದ, ಎಂದರೆ ಕ್ಯಾನ್ಸರಿನ, ಗುರುತೂ ಆಗಬಹುದು. ವೈದ್ಯರು ಬೆರಳಿನಿಂದ ಪರೀಕ್ಷಿಸಿ, ದರ್ಶಕನಳಿಗೆಯನ್ನು ಒಳಸೇರಿಸಿ ನೋಡಿ, ಗಂಟು ಕಂಡರೆ ಅದರಿಂದ ಸಣ್ಣ ಚೂರನ್ನು ತೆಗೆಯುತ್ತಾರೆ. ಇದೇ ಬಯಾಪ್ಸಿ. ಗಂಟು ಯಾವ ಜಾತಿಯದೆಂಬುದು ತಿಳಿಯುವುದು ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ.

ಗುದನಾಳದ ಒಳಪದರದಲ್ಲಿ ಲೋಳೆಯನ್ನು ಸ್ರವಿಸುವ ಗ್ರಂಥಿಗಳ ಕೋಶಗಳು ಹೇರಳವಾಗಿವೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಹಾರ್ಮೋನುಗಳನ್ನು ಸ್ರವಿಸುವ ನರ-ಅಂತಃಸ್ರಾವಕ ಕೋಶಗಳೂ ಉಂಟು. ಇಲ್ಲಿಯ ಕ್ಯಾನ್ಸರುಗಳಲ್ಲಿ ಬಹುಪಾಲು ಗ್ರಂಥಿಜಾತಿಯವು. ಎರಡೂ ಜಾತಿಗಳು ಒಂದೇ ಗಂಟಿನಲ್ಲಿ ಬೆರೆತಿರುವುದು ಬಹು ಅಪೂರ್ವ. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರ್ಗೀಕರಣದಲ್ಲಿ ಇಂಥದಕ್ಕೆ ‘ಮ್ಯಾನೆಕ್’ ಎಂಬ ಹೆಸರಿತ್ತು. 2019ರಲ್ಲಿ ಅದರ ವ್ಯಾಪ್ತಿ ಹಿಗ್ಗಿ ‘ಮಿನೆನ್’ ಎಂದಾಯಿತು. ಎರಡು ಭಾಗಗಳಲ್ಲಿ ಒಂದೊಂದೂ ಗಂಟಿನ ಶೇಕಡ 30ರಷ್ಟಾದರೂ ಇರಬೇಕೆಂಬುದು ಸಾಮಾನ್ಯ ನಿಯಮ.

ಕನ್ನಡ ಪದವೂ ಸಂಸ್ಕೃತ ಪದವೂ ಕೂಡಿದ ಸಮಾಸವನ್ನು ನಮ್ಮ ವೈಯಾಕರಣರು ಅರಿಸಮಾಸ ಎನ್ನುತ್ತಾರೆ. ಅದರ ಪೂರ್ವಪದವನ್ನಷ್ಟೇ ಓದಿದವನಿಗೆ ಅದು ಅರಿಸಮಾಸವೆಂದು ತಿಳಿಯುವ ಬಗೆ ಹೇಗೆ? ಇಲ್ಲಿಯ ತೊಡಕೂ ಇಂಥದೇ. ಬಯಾಪ್ಸಿಯ ಚೂರು ಅಕ್ಕಿಕಾಳಿಗಿಂತ ಚಿಕ್ಕದಿರಬಹುದು. ಅದು ಗಂಟಿನ ಒಂದು ಮಗ್ಗುಲಿನದಾದರೆ ಒಂದೇ ಜಾತಿಯ ಕೋಶಗಳು ಕಾಣುತ್ತವೆ. ಇನ್ನೊಂದು ಅಡಗಿಯೇ ಉಳಿಯುತ್ತದೆ. ಆದುದರಿಂದಲೇ ಹಲವು ಕಡೆಗಳಿಂದ ಚೂರುಗಳನ್ನು ತೆಗೆಯಬೇಕಾಗುತ್ತದೆ. ಎಷ್ಟೋ ವೇಳೆ ಶಸ್ತ್ರಚಿಕಿತ್ಸೆಯಾಗಿ ಇಡೀ ಗಂಟು ಕೈಗೆ ಬಂದ ಮೇಲೆಯೇ ನಿಜಸ್ಥಿತಿ ಹೊರಬೀಳುತ್ತದೆ.

ಸಾಮಾನ್ಯ ಬಣ್ಣ ಹಾಕಿ ನೋಡಿದಾಗ ಸಂದೇಹ ಹುಟ್ಟಿದರೆ ಪ್ರತಿಕಾಯಗಳ ನೆರವಿನಿಂದ ಬಣ್ಣ ಕಟ್ಟುವ ವಿಶೇಷ ಪರೀಕ್ಷೆಗಳಿವೆ. ಸಿನ್ಯಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಎಂಬ ಪ್ರೋಟೀನುಗಳು ನರ-ಅಂತಃಸ್ರಾವಕ ಕೋಶಗಳ ಗುರುತು. ಅವು ಇರುವೆಡೆ ಬಣ್ಣ ಹಿಡಿಯುತ್ತದೆ. ಕೆಐ-67 ಎಂಬ ಇನ್ನೊಂದು ಪರೀಕ್ಷೆಯಿಂದ ಶೇಕಡ ಎಷ್ಟು ಕೋಶಗಳು ವಿಭಜನೆಯ ಹಾದಿಯಲ್ಲಿವೆ ಎಂಬುದು ತಿಳಿಯುತ್ತದೆ.

ಹೆಸರಿಗಾಗಿ ಇಷ್ಟೊಂದು ಶ್ರಮವೇಕೆ ಎಂದು ಕೇಳಬಹುದು. ಎರಡು ಜಾತಿಗಳಿಗೂ ಕೊಡುವ ಔಷಧಗಳು ಒಂದೇ ಅಲ್ಲ. ಉಗ್ರವಾದ ನರ-ಅಂತಃಸ್ರಾವಕ ಭಾಗ ಬೇಗ ಹರಡುವಂಥದು. ಅದು ಕಣ್ತಪ್ಪಿದರೆ ಚಿಕಿತ್ಸೆ ಅರ್ಧ ರೋಗಕ್ಕೆ ಮಾತ್ರ ನಡೆದಂತಾಗುತ್ತದೆ. ಮತ್ತೊಮ್ಮೆ ಚೂರು ತೆಗೆಯಬೇಕೆಂದು ವೈದ್ಯರು ಹೇಳಿದರೆ ರೋಗಿ ಬೇಸರಪಡಬಾರದು. ರಕ್ತ ಕಂಡಾಗ, ಮಲವಿಸರ್ಜನೆಯ ಕ್ರಮ ಕಾರಣವಿಲ್ಲದೆ ಬದಲಾದಾಗ, ನಾಚಿಕೆಯನ್ನು ಬದಿಗಿಟ್ಟು ವೈದ್ಯರಿಗೆ ತೋರಿಸುವುದು ನಮ್ಮ ಪಾಲಿನ ಕೆಲಸ.